ತಾಕ್ ಸೊನ್ ಮೈದಾನದ ಶಂಕರನಿಗೆ

ತಿಗನಾರೆ
6 ಜುಲೈ 2025, ಭಾನುವಾರ

ತಮ್ಮ ಶಂಕರನಿಗೆ,

ನಿನ್ನ ಅಕ್ಕ ಸುಧಾಮಣಿ ತಲೆ ಸವರಿ ಬರೆಯುವುದು. ಮಂಡಿ ನೋವೊಂದು ಬಿಟ್ಟರೆ ನಾನು ಗಟ್ಟಿಯಾಗಿದ್ದೇನೆ. ನೀನು ಹೇಗಿದ್ದೀಯೆ ಎಂದು ಆಮೇಲೆ ಕೇಳುತ್ತೇನೆ, ಮೊದಲು ನೀನು ಇದ್ದೀಯೆ ಎಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಾಲ್ಕು ವರ್ಷದಿಂದ ನಿನ್ನ ಸುದ್ದಿಯಿಲ್ಲ. ಮೂರು ವಾರದ ಹಿಂದೆ ನಿನ್ನನ್ನು ಕಂಡೆ. ಅವತ್ತೇ ಬರೆಯಬೇಕಿತ್ತು, ತಡವಾಯಿತು, ಮುನಿಸಿಕೊಳ್ಳಬೇಡ. ಮೊದಲನೇ ವಾರ ಅದು ನೀನೇ ಹೌದೋ ಅಲ್ಲವೋ ಎಂದು ಒದ್ದಾಡುವುದರಲ್ಲಿ ಹೋಯಿತು. ಎರಡನೇ ವಾರ ನಿಮ್ಮ ಕ್ಲಬ್ಬಿನ ವಿಳಾಸ ಹುಡುಕುವುದರಲ್ಲಿ. ಮೂರನೇ ವಾರ ಬರೀ ಹಾಳೆ ಮುಂದಿಟ್ಟುಕೊಂಡು ಕೂತೆ.

ಕಂಡದ್ದು ಫೋನಿನಲ್ಲಿ. ಸೆಲ್ವರಾಜ್ ಮೇಷ್ಟ್ರು ಗೊತ್ತಲ್ಲ, ನಾನು ಮಕ್ಕಳ ಮಧ್ಯಾಹ್ನದೂಟಕ್ಕೆ ಸತ್ತುಣವಿನ ಅಡುಗೆ ಮಾಡುವ ಶಾಲೆಯ ಮೇಷ್ಟ್ರು, ಅವರು ತಮ್ಮ ಹಳೇ ಫೋನನ್ನು ನನಗೆ ಕೊಟ್ಟಿದ್ದಾರೆ. ಸಿಗ್ನಲ್ಲು ಸಿಕ್ಕುವುದು ಶಾಲೆಯ ಹಿಂದಿನ ದಿಣ್ಣೆಯ ಮೇಲೆ ಮಾತ್ರ. ನಿಮ್ಮ ವಿಯೆಟ್ನಾಮಿನಲ್ಲಿ ಸಂಜೆ ಆರಕ್ಕೆ ಚೆಂಡಾಟ ಶುರುವಾದರೆ ಇಲ್ಲಿ ನಾಲ್ಕೂವರೆ. ಪಾತ್ರೆ ತೊಳೆದಿಟ್ಟು, ದಿಣ್ಣೆ ಹತ್ತಿ, ಆನೆ ಇಳಿಯುವ ಹೊತ್ತಿಗೆ ಮೊದಲು ಮನೆ ಸೇರಿಕೊಳ್ಳುತ್ತೇನೆ. ಹಾಗಾಗಿ ಕೊನೆಯ ಹತ್ತು ನಿಮಿಷ ನೋಡಲು ಒಮ್ಮೊಮ್ಮೆ ಸಿಗುವುದಿಲ್ಲ. ಗೆದ್ದಿರೋ ಸೋತಿರೋ ಮಾರನೇ ದಿನ ಮೇಷ್ಟ್ರು ಹೇಳುತ್ತಾರೆ. ಹೆಚ್ಚಾಗಿ ಸೋತೇ ಇರುತ್ತೀರಿ.

ನೀನೇ ಇಲ್ಲದ ಮೇಲೆ ಇವಳು ಯಾಕೆ ನೋಡುತ್ತಿದ್ದಳು ಎಂದು ನಗುತ್ತೀಯೇನೋ. ನೀನಿಲ್ಲದಿದ್ದರೆ ಮೈದಾನದಲ್ಲಿ ನೀನು ಬೆಳೆಸಿದ ಹುಲ್ಲಾದರೂ ಇದೆಯಲ್ಲ ಎಂದು ನೋಡುತ್ತಿದ್ದೆ. ಆಟಗಾರರು ಅದನ್ನು ಕಿತ್ತು ತುಳಿದು ಹಾಕಿದಾಗ ಸಿಟ್ಟು ಬರುತ್ತಿತ್ತು.

ಅವತ್ತು ಜೂನ್ ಹದಿನೈದು. ನಿಮ್ಮಲ್ಲಿ ಮಳೆ ಹುಯ್ದು ಆಟ ನಿಂತಿತ್ತು. ನಾಲ್ಕಾರು ಜನ ಪೊರಕೆ ಹಿಡಿದು ನೀರು ತಳ್ಳುತ್ತಿದ್ದರು. ಅವರಲ್ಲೊಬ್ಬ ಬರಿಗಾಲಿನವನು ಗೋಲಿನ ಮುಂದೆ ಬಂದು ನಿಂತ. ಹಿಮ್ಮಡಿ ಊರಿ ಮೂರು ಸಲ ನೆಲ ಒತ್ತಿದ. ಆಮೇಲೆ ಅಂಗಾಲಿನ ಕೆಸರನ್ನು ಇನ್ನೊಂದು ಕಾಲಿನ ಮೀನಖಂಡಕ್ಕೆ ಒರೆಸಿಕೊಂಡ. ಶಂಕರ, ಅಪ್ಪ ರಾಗಿ ಬಿತ್ತುವ ಮುಂಚೆ ಹೊಲದಲ್ಲಿ ಮಾಡುತ್ತಿದ್ದದ್ದೇ ಅದು. ಮೀನಖಂಡಕ್ಕೆ ಒರೆಸಿಕೊಂಡು ಪಂಚೆ ಹೊಲಸು ಮಾಡುತ್ತೀಯ ಎಂದು ಅವ್ವ ಬೈಯುತ್ತಿದ್ದದ್ದೂ ಅದಕ್ಕೇ. ಪೂರಾ ಅರ್ಧ ನಿಮಿಷವೂ ಇರಲಿಲ್ಲ, ಮುಖ ಸರಿಯಾಗಿ ಕಾಣಲಿಲ್ಲ. ನಾನು ದಿಣ್ಣೆಯ ಮೇಲೆ ಒಬ್ಬಳೇ ಕೂತು ಕೂಗಿಕೊಂಡೆ. ಮೇಯುತ್ತಿದ್ದ ಯಾರದೋ ಹಸು ತಲೆ ಎತ್ತಿ ನೋಡಿತು, ಅಷ್ಟೇ.

ಮೇಷ್ಟ್ರು ಆ ತುಣುಕನ್ನು ಹತ್ತು ಸಲ ತಿರುಗಿಸಿ ತಿರುಗಿಸಿ ತೋರಿಸಿದರು. ಹಿಮ್ಮಡಿ ಒತ್ತುವವರು ಲೋಕದಲ್ಲಿ ಒಬ್ಬರೇ ಇರುತ್ತಾರಾ ಅಕ್ಕಾ ಎಂದು ಕೇಳಿದರು. ಊರಲ್ಲೂ ಎಲ್ಲರೂ ಅದನ್ನೇ ಅಂದರು. ನಾನು ಯಾರ ಹತ್ತಿರವೂ ವಾದಕ್ಕೆ ನಿಲ್ಲಲಿಲ್ಲ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳಿಗೆ ನಿನ್ನ ಕಾಲು ಗೊತ್ತಾಗುವುದಿಲ್ಲವಾ?

ನೀನು ಬರೆದ ಹತ್ತೊಂಬತ್ತು ಕಾಗದವೂ ರಾಗಿ ಡಬ್ಬಿಯಲ್ಲಿವೆ. ಗೆಟ್ಟವಾಡಿಯಾಚೆ ಕಲ್ಲು ಪಾಲಿಶ್ ಮಾಡಿಕೊಂಡಿದ್ದವನು ಯಾರದೋ ಮಾತು ಕೇಳಿ ವಿಯೆಟ್ನಾಮಿಗೆ ಹೋದಾಗ ಎರಡು ವರ್ಷಕ್ಕೆ ಬರುತ್ತೇನೆ ಅಂದಿದ್ದೆ. ಅಲ್ಲಿನ ಕಲ್ಲಿನ ಕಂಪನಿಯವರೇ ಫುಟ್‌ಬಾಲ್ ತಂಡದ ಯಜಮಾನರೂ ಆಗಿದ್ದದ್ದು ನಮ್ಮ ಗ್ರಹಚಾರ. ಮೆಟ್ಟಿಲಿಗೆ ಕಲ್ಲು ಕೂರಿಸಲು ಮೈದಾನಕ್ಕೆ ಹೋದವನು ಹುಲ್ಲಿನ ಹತ್ತಿರವೇ ಉಳಿದುಕೊಂಡೆ. ಆ ಕಾಗದಗಳನ್ನು ಎಷ್ಟು ಸಲ ಓದಿದ್ದೇನೆಂದರೆ, ಚೆಂಡಾಟದ ಗಂಧಗಾಳಿ ಇಲ್ಲದಿದ್ದ ನಾನು ಈಗ ಶಾಲೆಯ ಮಕ್ಕಳಿಗೆ ಆಫ್‌ಸೈಡ್ ಎಂದರೇನು ಎಂದು ಸೌಟು ಹಿಡಿದು ಹೇಳಿಕೊಡುತ್ತೇನೆ.

ನಿಮ್ಮ ತಂಡದ ಕಥೆಯನ್ನೂ ಹೇಳುತ್ತೇನೆ. ಯುದ್ಧ ಮುಗಿದು ಎರಡನೇ ವರ್ಷ, ರಸ್ತೆ ಹಾಕುವ ಕೂಲಿಯವರು, ಕಾಫಿ ತೋಟದವರು ಸೇರಿ ಕಟ್ಟಿದ ತಂಡ. ಬಾಂಬು ಬಿದ್ದ ಗುಂಡಿಗಳನ್ನು ಬುಟ್ಟಿಯಲ್ಲಿ ಮಣ್ಣು ಹೊತ್ತು ಮುಚ್ಚಿ ಮೈದಾನ ಮಾಡಿದರು. ಹನ್ನೊಂದು ಜನಕ್ಕೆ ಏಳು ಜೊತೆ ಬೂಟು. ಬೂಟಿಲ್ಲದವರೇ ಜೋರಾಗಿ ಓಡುತ್ತಿದ್ದರಂತೆ, ಅದನ್ನು ಕೇಳಿದಾಗ ಮಕ್ಕಳು ತಮ್ಮ ಕಾಲು ನೋಡಿಕೊಳ್ಳುತ್ತವೆ. ಆಗ ತಂಡಕ್ಕೆ ಜಿಲ್ಲೆಯ ಹೆಸರೇ ಹೆಸರು, ಹಸಿರು ಅಂಗಿ. ಇಪ್ಪತ್ತು ಚಿಲ್ಲರೆ ವರ್ಷ ಸರ್ಕಾರವೇ ಸಾಕಿತು. ಚೆಂಡಾಟ ಸಂಬಳದ ಕೆಲಸವಾದ ಮೇಲೆ ಸರ್ಕಾರ ಕೈಬಿಟ್ಟಿತು, ಕಲ್ಲಿನ ಕಂಪನಿ ಹಿಡಿದುಕೊಂಡಿತು. ತಾಕ್ ಸೊನ್ ಎಂದು ಹೆಸರಾದದ್ದು ಆವಾಗ. ಕಲ್ಲುಬೆಟ್ಟ ಎಂದು ಅರ್ಥ ಅಂತ ನೀನು ಬರೆದಿದ್ದೆ. ಅಂಗಿ ಬೂದು ಬಣ್ಣಕ್ಕೆ ತಿರುಗಿತು. ಮೇಲಿನ ಲೀಗಿಗೆ ಹತ್ತಿ ಒಂದು ವರ್ಷ ಮೂರನೆಯವರಾಗಿ ಬಂದಿರಿ. ಒಂದು ಕಪ್ಪಿನ ಫೈನಲ್ಲಿನಲ್ಲಿ ಪೆನಾಲ್ಟಿಯಲ್ಲಿ ಸೋತಿರಿ. ಅವತ್ತು ಊರಿನ ಯಾವ ಅಂಗಡಿಯೂ ಬಾಗಿಲು ತೆಗೆಯಲಿಲ್ಲವಂತೆ. ಆಮೇಲೆ ಯಜಮಾನರು ಬದಲಾಗಿ ಹೆಸರಿಗೆ ಬಾಲವೊಂದು ಅಂಟಿತು, ತಂಡ ಕೆಳಗಿನ ಲೀಗಿಗೆ ಬಿತ್ತು.

ನಿನ್ನ ಕಥೆಯನ್ನು ನಿನಗೇ ಹೇಳುತ್ತಿದ್ದಾಳೆ ಅನ್ನಬೇಡ. ಮನೆಯಲ್ಲಿ ಇದನ್ನು ಕೇಳುವವರು ಯಾರೂ ಇಲ್ಲ.

ಆಡುವವರಲ್ಲಿ ಅರ್ಧಕ್ಕರ್ಧ ಆ ಬೆಟ್ಟದವರೇ ಎಂದು ಬರೆದಿದ್ದೆ. ಅವರಿಗೂ ನಮ್ಮ ಹಾಗೆ ಮನೆಗೊಂದು ಮಾತು, ಆಫೀಸಿಗೊಂದು ಮಾತು. ಕಡಲ ಕಡೆಯವರು ನಾಲ್ವರು. ಹೊರದೇಶದವರು ಮೂರೇ ಜನ ಇರಬೇಕೆಂದು ಆಗಿನ ಕಟ್ಟಳೆ. ಬ್ರೆಜಿಲಿನ ಇಬ್ಬರು ಮುಂದೆ, ನೈಜೀರಿಯಾದ ಎತ್ತರದವನು ಹಿಂದೆ. ಇನ್ನೊಬ್ಬ ಆ ಮೂವರ ಲೆಕ್ಕಕ್ಕೆ ಸೇರದವನು, ಜರ್ಮನಿಯಲ್ಲಿ ಹುಟ್ಟಿ ಬೆಳೆದ ವಿಯೆಟ್ನಾಮಿನವರ ಮಗ, ತನ್ನವರ ಮಾತೇ ಬಾರದವನು, ಊಟದ ಹೊತ್ತಿಗೆ ನಿನ್ನ ಪಕ್ಕ ಬಂದು ಸುಮ್ಮನೆ ಕೂರುತ್ತಿದ್ದನಂತೆ. ಅವನ ವಿಷಯ ಓದುವಾಗ ನನಗೆ ನಿನ್ನ ಚಿಂತೆ ಹತ್ತುತ್ತಿತ್ತು.

ಅವ್ವನಿಗೆ ಇಷ್ಟವಾದವನು ಆರನೇ ನಂಬರಿನವನು. ಕಾಡಿನ ಹಳ್ಳಿಯಿಂದ ಬಂದು ಕ್ಯಾಪ್ಟನ್ ಆದವನು. ಅವನ ತಾಯಿ ಪ್ರತಿ ಆಟಕ್ಕೂ ಬಾಳೆ ಎಲೆಯಲ್ಲಿ ಅನ್ನ ಕಟ್ಟಿಕೊಂಡು ಬರುತ್ತಾಳೆ, ಉಳಿದದ್ದನ್ನು ನನಗೆ ಕೊಡುತ್ತಾಳೆ ಎಂದು ನೀನು ಒಂದೇ ಒಂದು ಸಲ ಬರೆದದ್ದು. ಅವ್ವ ಪ್ರತಿ ಕಾಗದಕ್ಕೂ ಅದನ್ನೇ ಕೇಳುತ್ತಿದ್ದಳು, ಆಯಮ್ಮ ಬುತ್ತಿ ತಂದಿದ್ದಳಾ ಎಂದು. ನೀನು ಬರೆದಿಲ್ಲದಿದ್ದರೂ ನಾನು ಹೂಂ ಎಂದು ಓದಿಬಿಡುತ್ತಿದ್ದೆ.

ಸುತ್ತಿ ಬಳಸಿದ್ದು ಸಾಕು. ಅವ್ವ ಹೋದಳು ಶಂಕರ. 2022ರ ಕಾರ್ತಿಕದಲ್ಲಿ. ಹೆಚ್ಚು ನರಳಲಿಲ್ಲ, ನಾಲ್ಕು ದಿನದ ಜ್ವರ. ಹಟ್ಟಿಯ ಜನ ಎಲ್ಲ ಬಂದಿದ್ದರು, ಏನೂ ಕಡಿಮೆಯಾಗದ ಹಾಗೆ ಕಳಿಸಿಕೊಟ್ಟೆವು. ಅಷ್ಟು ಹೊತ್ತಿಗೆ ನಿನ್ನ ಫೋನು ನಿಂತು ಒಂದೂವರೆ ವರ್ಷವಾಗಿತ್ತು. ಕರೋನಾದಲ್ಲಿ ನಿಮ್ಮ ಕಂಪನಿ ಮುಚ್ಚಿತು, ಕೂಲಿಯವರನ್ನೆಲ್ಲ ಎಲ್ಲೆಲ್ಲೋ ಸಾಗಿಸಿದರು ಎಂಬುದೊಂದೇ ನಮಗೆ ಗೊತ್ತಿದ್ದದ್ದು. ಚಾಮರಾಜನಗರದಿಂದ ನಿನ್ನ ಜೊತೆ ಹೋಗಿದ್ದವನೊಬ್ಬ ಊರಿಗೆ ಮರಳಿದ್ದ. ಅವನನ್ನು ಹುಡುಕಿಕೊಂಡು ಹೋಗಿ ಕೇಳಿದರೆ, ನಿನ್ನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದು ಕಂಡೆ, ಆಮೇಲೆ ಕಾಣಲಿಲ್ಲ ಅಂದ. ಅದನ್ನು ನಾನು ಅವ್ವನಿಗೆ ಹೇಳಲಿಲ್ಲ. ಹೇಗೆ ಗೊತ್ತಾಯಿತೋ ಏನೋ. ಹೋಗುವ ಹಿಂದಿನ ದಿನ ನನ್ನ ಕೈ ಹಿಡಿದುಕೊಂಡು ಹೇಳಿದಳು.

"ನನ್ ಮಗ್ಗುಲಲ್ಲೇ ಅವನ್ಗೂ ಒಂದ್ ಕಲ್ ಇಡ್ಸು ಮಗ. ಬಂದ್ರೆ ಎತ್ತಾಕ್ತನೆ. ಬರ್ದಿದ್ರೆ ನಂಗೊಂದ್ ಜೊತೆ ಆಯ್ತದೆ."

ನಮ್ಮ ಕುಲದ ಪದ್ಧತಿ ನಿನಗೆ ಗೊತ್ತಿರುವುದೇ. ಸುಗ್ಗಿ ಮುಗಿದ ಮೇಲೆ, ಆ ವರ್ಷ ಹೋದವರಿಗೆಲ್ಲ ಹಳ್ಳದಿಂದ ಒಂದೊಂದು ಉರುಟು ಕಲ್ಲು ತಂದು ಹಿರಿಯರ ಸಾಲಿನಲ್ಲಿ ಕೂರಿಸುತ್ತೇವೆ. ಅವ್ವನ ಕಲ್ಲನ್ನು ಗಂಡುಮಗ ತರಬೇಕಿತ್ತು. ನೀನಿಲ್ಲವಲ್ಲ, ಮಾದೇವಸ್ವಾಮಿ ಮಾವ ತಂದರು. ನಿನ್ನ ಕಲ್ಲನ್ನು ನಾನೇ ಆರಿಸಿದೆ. ಬೆಳ್ಳಗೆ ಒಂದು ಗೆರೆ ಇದೆ ಅದರಲ್ಲಿ. ಪಾಲಿಶ್ ಹಾಕಿದರೆ ಚೆನ್ನಾಗಿ ಬರುತ್ತಿತ್ತು ಎಂದು ನೀನು ಅನ್ನುತ್ತಿದ್ದೆ ಅಂತ ಆ ಹೊತ್ತಿನಲ್ಲೂ ಅನ್ನಿಸಿತು ನೋಡು.

ನಮ್ಮ ಕುಲದ ಪೂಜಾರಿ ಜಡೆಯಜ್ಜನೇ ಪೂಜೆ ಮಾಡಿದ್ದು. ಕಲ್ಲು ಕೂತ ಮೇಲೆ ಒಂದು ವರ್ಷ ಅವರ ಹೆಸರು ಹಿಡಿಯಬಾರದು, ಅವರು ಕರೆದರೆ ಓಗೊಡಬಾರದು ಎಂದು ಎಲ್ಲರಿಗೂ ಹೇಳುವುದನ್ನು ನನಗೂ ಹೇಳಿದ. "ಓಗೊಟ್ರೆ ಅವ್ರಿಗೆ ಓಗಾಕಾಗಲ್ಲ ಕಣವ್ವ, ನಿಂಗೆ ಇರಾಕಾಗಲ್ಲ." ನಾನು ಹೂಂ ಅಂದೆ. ಒಂದು ವರ್ಷ ಹಾಗೇ ನಡೆದುಕೊಂಡೆ.

ನಿನಗೆ ಕೋಪ ಬಂದಿರಬಹುದು. ನನಗೂ ಕೋಪ ಇದೆ. ಬದುಕಿದ್ದವನು ಒಂದು ಕಾಗದ ಹಾಕಬಾರದಿತ್ತಾ? ಅದಕ್ಕೇನು ನಿನ್ನ ಕೈ ಬಿದ್ದುಹೋಗಿತ್ತಾ? ಊರೋರ ಮೈದಾನಕ್ಕೆ ನೀರು ಬಿಡುವವನಿಗೆ ಮನೆಯವರ ನೆನಪು ಬರಲಿಲ್ಲವಾ? ಅವ್ವ ಇದ್ದಾಗಲಾದರೂ ಹಾಕಬಹುದಿತ್ತು ಕಣ್ಲಾ. ನಲವತ್ತೆರಡು ಮಕ್ಕಳಿಗೆ ಹದವಾಗಿ ಬೇಯಿಸುತ್ತೇನೆ, ಮನೆಗೆ ಬಂದು ಒಂದೇ ಒಂದು ಮುದ್ದೆ ತಿರುವಲು ಹೋದರೆ ಹಿಟ್ಟು ಹದಕ್ಕೇ ಬರುವುದಿಲ್ಲ. ಎರಡು ಮುದ್ದೆ ಮಾಡಿ ಒಂದನ್ನು ನಾಯಿಗೆ ಹಾಕುತ್ತೇನೆ. ಅದು ಯಾರ ನಾಯಿಯೋ, ಆ ಹೊತ್ತಿಗೆ ಸರಿಯಾಗಿ ಬರುತ್ತದೆ.

ನಿನ್ನನ್ನು ಕಂಡ ಮೇಲೆ ಜಡೆಯಜ್ಜನ ಹತ್ತಿರ ಹೋಗಿದ್ದೆ. ಕಲ್ಲು ಎತ್ತಿಬಿಡಿ ಎಂದು ಕೇಳಿದೆ. ಅಜ್ಜ ಒಪ್ಪಲಿಲ್ಲ. ಹೀಗೆ ಯಾವ ಕಾಲದಲ್ಲೂ ಆಗಿಲ್ಲ, ಇಟ್ಟ ಕಲ್ಲನ್ನು ಬೇರೆಯವರು ಮುಟ್ಟುವಂತಿಲ್ಲ ಅಂದ. ಕೊನೆಗೆ, "ಅವ್ನೇ ಬಂದು ಎತ್ಲಿ. ಅವನ್ ಕೈಯಾರ ಅಳ್ಳಕ್ಕೆ ಬುಡ್ಲಿ. ಆಗ ನಾನೂ ನಂಬ್ತಿನಿ," ಅಂದ.

ಅದಕ್ಕೇ ಈ ಕಾಗದ. ನೀನು ಬರಬೇಕು. ಇನ್ನೂ ಒಂದು ಕಾರಣ ಇದೆ. ತಂಡದ ಹೆಸರನ್ನೂ ಆಡುವ ಹಕ್ಕನ್ನೂ ಕಡಲ ಕಡೆಯ ಊರಿನವರು ತೆಗೆದುಕೊಂಡಿದ್ದಾರೆ, ಈ ತಿಂಗಳ ಕೊನೆಗೆ ತಾಕ್ ಸೊನ್ ಆಫೀಸು ಮುಚ್ಚುತ್ತದೆ ಎಂದು ಮೇಷ್ಟ್ರು ಓದಿ ಹೇಳಿದರು. ಆಟಗಾರರು ಬಸ್ಸು ಹತ್ತಿ ಹೋಗುತ್ತಾರೆ. ಹುಲ್ಲನ್ನು ಯಾರೂ ಹೊತ್ತುಕೊಂಡು ಹೋಗುವುದಿಲ್ಲ. ಆಮೇಲೆ ನಿನ್ನನ್ನು ಯಾವ ವಿಳಾಸದಲ್ಲಿ ಹುಡುಕಲಿ? ಆಫೀಸು ಮುಚ್ಚುವುದರೊಳಗೆ ಇದು ನಿನ್ನ ಕೈ ಸೇರಬೇಕು. ಕವರಿನ ಮೇಲೆ ಮೇಷ್ಟ್ರ ಕೈಯಲ್ಲಿ ಇಂಗ್ಲಿಷಿನಲ್ಲಿ 'ಮೈದಾನದ ಹುಲ್ಲು ನೋಡಿಕೊಳ್ಳುವ ಶಂಕರನಿಗೆ' ಎಂದು ಬರೆಸಿದ್ದೇನೆ. ಆರನೇ ನಂಬರಿನವನ ತಾಯಿ ಇನ್ನೂ ಇದ್ದರೆ ಆಯಮ್ಮನಿಗೆ ನನ್ನ ನಮಸ್ಕಾರ ಹೇಳು. ನನ್ನ ತಮ್ಮನಿಗೆ ಅನ್ನ ಹಾಕಿದ ಕೈ ಅದು.

ಬರಲು ಆಗದಿದ್ದರೆ ಒಂದು ಗೆರೆ ಬರಿ. ಬರೆಯಲು ಮನಸ್ಸಿಲ್ಲದಿದ್ದರೆ ಬರೀ ಕವರು ಕಳಿಸು, ಮೇಲಿನ ಅಕ್ಷರ ನಿನ್ನದಾಗಿದ್ದರೆ ಸಾಕು. ಕಾಡಿನ ದೇವರುಗಳೆಲ್ಲ ನಿನ್ನ ಬೆನ್ನಿಗಿರಲಿ. ಕಾಲಿಗೆ ಮುಳ್ಳು ತಾಗದಿರಲಿ. ಹೊತ್ತು ಹೊತ್ತಿಗೆ ಉಣ್ಣು.

ನಿನ್ನ ಅಕ್ಕ,
ಸುಧಾಮಣಿ

ತಾ.ಕ.: ಸೋಮವಾರ. ತಾಳವಾಡಿ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅಂಟಿಸಿದ್ದ ಕವರನ್ನು ಬಿಡಿಸಿದೆ. ಏನಾದರೂ ಬರೆಯುವುದು ಮರೆತೆಯಾ ಅಕ್ಕಾ ಎಂದು ಒಳಗಿನಿಂದ ಅಂಚೆಯ ಮುರುಗನ್ ಕೇಳಿದ. ಮರೆತಿರಲಿಲ್ಲ, ಬಿಟ್ಟಿದ್ದೆ.

ಕಲ್ಲು ಇಟ್ಟ ಒಂಬತ್ತನೇ ದಿನ ನನಗೆ ಫೋನು ಬಂತು. ದಿಣ್ಣೆಯ ಮೇಲಿದ್ದೆ. ನಂಬರು ಎಂಬತ್ನಾಲ್ಕರಿಂದ ಶುರುವಾಗಿತ್ತು. ಅದು ನೀನಿದ್ದ ದೇಶದ ನಂಬರು ಎಂದು ನನಗೆ ಗೊತ್ತಿಲ್ಲದೇ ಏನಿಲ್ಲ. ಪೂರ್ತಿ ಬಡಿದು ನಿಂತಿತು. ಮತ್ತೆ ಬಡಿಯಿತು. ಮೂರನೇ ಸಲವೂ ಬಡಿಯಿತು. ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ, ಎತ್ತಲಿಲ್ಲ. ಜಡೆಯಜ್ಜನ ಮಾತು ಕಿವಿಯಲ್ಲಿತ್ತು. ಸತ್ತವನ ಕರೆ ಎಂದು ಹೆದರಿ ಓಗೊಡಲಿಲ್ಲ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ನೀನು ಬದುಕಿದ್ದರೆ ಫೋನು ಅವ್ವನಿಗೆ ಕೊಡು ಅನ್ನುತ್ತೀಯೆ, ಅವ್ವನ ಮಗ್ಗುಲಲ್ಲಿ ನಿನಗೇ ಕಲ್ಲಿಟ್ಟು ಬಂದಿದ್ದೇನೆ ಎಂದು ಹೇಗೆ ಹೇಳಲಿ ಎಂದೂ ಒಂದು ಗಳಿಗೆ ಅನ್ನಿಸಿತ್ತು. ಆಮೇಲೆ ನಂಬರನ್ನು ಅಳಿಸಿದೆ. ನೀನು ಮತ್ತೆ ಮಾಡಲಿಲ್ಲ.

ಕಾಗದ ಹಾಕಲಿಲ್ಲ ಎಂದು ಮೇಲೆ ನಿನ್ನನ್ನೇ ಬೈದು ಬರೆದಿದ್ದೇನೆ. ಕೈ ಬಿದ್ದುಹೋಗಿದ್ದದ್ದು ನನ್ನದು. ನೀನು ಮೂರು ಸಲ ಕರೆದೆ, ಎರಡೂವರೆ ವರ್ಷ ತಡವಾಗಿ ಓಗೊಡುತ್ತಿದ್ದೇನೆ.

ಓ, ಶಂಕರ. ಇಲ್ಲೇ ಇದ್ದೀನಿ. ಓ.