ಸೆನೆಟ್ಟಿನಲ್ಲಿ ನಾನು ಹೇಳಿದ ‘ನೋ’

ಹಲೀಮಾ,

ಇವತ್ತು ನಿನ್ನ ಅಮ್ಮ ಸೆನೆಟ್ಟಿನ ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದರು. ನಿನ್ನ ಆಸ್ಪತ್ರೆಯ ಮೇಲೆ ಬಿದ್ದು ನಿನ್ನನ್ನು ಕೊಂದಂಥ ಬಾಂಬುಗಳನ್ನು ಹೊರದೇಶಕ್ಕೆ ಮಾರುವುದನ್ನು ನಿಲ್ಲಿಸಬೇಕೆಂಬ ನಿರ್ಣಯ ಮತಕ್ಕೆ ಬಂದಿತ್ತು. ಬೆಳಗಿನವರೆಗೂ ನಾನು ಅದರ ಪರವಾಗಿಯೇ ಇದ್ದೆ.

ಮಧ್ಯಾಹ್ನ ನಮ್ಮ ಪಕ್ಷದ ಸಚೇತಕ ಪ್ರೆಸ್ಕಾಟ್ ನನ್ನನ್ನು ಪಕ್ಕಕ್ಕೆ ಕರೆದ. “ಆ ಬಾಂಬಿನ ಕಾರ್ಖಾನೆ ಇರೋದು ನಿನ್ನ ರಾಜ್ಯದಲ್ಲೇ ಕಣಮ್ಮ. ನವೆಂಬರಿನಲ್ಲಿ ಆ ಕೆಲಸಗಾರರ ಹತ್ರ ಓಟು ಕೇಳೋಕೆ ನಾನು ಹೋಗ್ಲಾ?”

ನನ್ನ ಹೆಸರು ಕೂಗಿದಾಗ “ನೋ” ಎಂದೆ. ನಿರ್ಣಯ ಒಂದೇ ಮತದಿಂದ ಬಿದ್ದುಹೋಯಿತು.

ಹೊರಗೆ ನಿನ್ನ ಅಮ್ಮ ನನ್ನ ಎರಡೂ ಕೈ ಹಿಡಿದುಕೊಂಡರು. ಅವರಿಗೆ ಇಂಗ್ಲಿಷು ಬಾರದು. ಹಾಸ್ಟೆಲಿನಲ್ಲಿ ನೀನು ನನಗೆ ಕಲಿಸಿದ ಅರಬ್ಬಿಯಲ್ಲೇ ಮಾತಾಡಿದೆವು.

“ನೀನು ‘ನೋ’ ಅಂದಿದ್ದು ಕೇಳಿಸ್ತು ಮಗಳೇ. ಬಾಂಬು ಬೇಡ ಅಂತ ಅಷ್ಟು ಜನರ ಮುಂದೆ ಹೇಳಿದೆ. ಹಲೀಮಾಳ ಮಕ್ಕಳನ್ನ ಬೆಟ್ಟದ ಮೇಲಿನ ಊರಿಗೆ ಕಳಿಸಿದೀನಿ. ಇನ್ನು ಮನೆಗೆ ಕರೆಸ್ಕೊಳ್ಳಲಾ?”

ಸುತ್ತ ಕ್ಯಾಮೆರಾದವರು ನಿಂತಿದ್ದರು. “ಕರೆಸ್ಕೊಳ್ಳಿ ಅಮ್ಮ” ಎಂದೆ.

ಅವರ ವಿಮಾನ ಹೊರಡುವುದು ನಾಳೆ ಸಂಜೆ. ಇಳಿದುಕೊಂಡಿರುವ ಹೋಟೆಲಿನ ಫೋನ್ ನಂಬರು ನನ್ನ ಹತ್ತಿರ ಇದೆ. ನಾನು ನಿನಗೆ ಬರೆಯುತ್ತಾ ಕೂತಿದ್ದೇನೆ.

ಜೋಅನ್