ನಾಲ್ಕನೇ ರೇಸಿಗೆ ನಾನು ಬರೆಯದ ಹೆಸರು

ಕಿಲ್ವಾರಾ
೨೭ ಡಿಸೆಂಬರ್ ೧೯೯೭

ಕೋಪದಲ್ಲಿದ್ದರೂ ನನ್ನವಳೇ ಆದ ನೂಲಾ,

ಈ ಕಾಗದವನ್ನು ಅರ್ಧ ಓದಿ ಒಲೆಗೆ ಹಾಕಬೇಡ. ನಿನ್ನ ಕೋಪ ಎಂಥದೆಂದು ನನಗೆ ಗೊತ್ತು, ಅದು ನಿನಗೆ ನನ್ನಿಂದಲೇ ಬಂದದ್ದು. ನಿನ್ನೆ ಸ್ಟೀಫನ್ ಹಬ್ಬದ ರೇಸಿನಲ್ಲಿ, ಸವಾರರನ್ನು ತೂಗುವ ಕೋಣೆಯ ಮುಂದೆ, ಮುಖದ ತುಂಬ ಕೆಸರು ಮೆತ್ತಿಕೊಂಡು ನೀನು ನನ್ನೆದುರು ನಿಂತೆ. "ನಿನ್ನ ಕುದುರೆ ಗೆದ್ದಿತಲ್ಲಮ್ಮ, ಖುಷಿನಾ?" ಎಂದೆ. ನನ್ನ ಬಾಯಿಂದ ಬಂದದ್ದು "ನೆಲ ತುಂಬಾ ಮೆತ್ತಗಿತ್ತು" ಅನ್ನುವ ಮಾತು. ಯಾವ ರೇಸಿಗೆ ಯಾವ ಕುದುರೆ ಗೆಲ್ಲುತ್ತದೆಂದು ಮೂವತ್ತು ವರ್ಷದಿಂದ ಪತ್ರಿಕೆಗೆ ಬರೆಯುವ ಹೆಂಗಸಿಗೆ ಹೆತ್ತ ಮಗಳೆದುರು ಸಿಕ್ಕಿದ ವಾಕ್ಯ ಅದೊಂದೇ. ನೀನು ಜೀನು ಹೆಗಲಿಗೆ ಹಾಕಿಕೊಂಡು ಹೊರಟುಹೋದೆ.

ಆಗ ಹೇಳದೆ ಉಳಿದದ್ದನ್ನು ಈಗ ಹೇಳುತ್ತೇನೆ.

ಸೋಮವಾರ ನಿಮ್ಮಪ್ಪನ ಊರುಗೋಲು ಕಸಿದುಕೊಂಡು ಎಂದಿನಂತೆ ಓಟದ ದಾರಿಯನ್ನೆಲ್ಲ ನಡೆದೆ. ಕುದುರೆಗಳು ಹಾರುವ ಪ್ರತಿ ಬೇಲಿಯ ಮುಂದೊಮ್ಮೆ, ಹಿಂದೊಮ್ಮೆ ಕೋಲು ಚುಚ್ಚಿ ನೋಡಿದೆ. ಒಳ ಅಂಚಿನಲ್ಲಿ ಅರ್ಧ ಗೇಣು ಇಳಿಯಿತು, ಹೊರ ಅಂಚಿನಲ್ಲಿ ಮುಕ್ಕಾಲು. ಒಳಗಡೆ ಹಿಡಿದು ಓಡುವವರಿಗೆ ದಿನ ಚೆನ್ನಾಗಿದೆ ಎಂದು ಬರೆದೆ. ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಆರು ರೇಸುಗಳ ಪಟ್ಟಿ ಹರಡಿಕೊಂಡು ಕೂತೆ. ಮೊದಲನೆಯದಕ್ಕೆ ಪಾದ್ರಿಯ ತಮ್ಮನ ಬೂದು ಕುದುರೆ. ಗೊರಸು ಚಿಕ್ಕದು, ಆದರೆ ಬೆನ್ನ ಮೇಲೆ ಹೊರೆ ಕಡಿಮೆ. ಎರಡನೆಯದಕ್ಕೆ ಹದಿಮೂರು ವರ್ಷದ ಒಬ್ಬ ಮುದುಕನನ್ನು ಆರಿಸಿದೆ. ಬೇಲಿ ಕಂಡರೆ ಅದು ಈಗಲೂ ಕಿವಿ ನಿಮಿರಿಸುತ್ತದೆ. ಆ ಕಿವಿಗೆ ಮನಸೋತು ಬರೆದೆ ಅಂದುಕೋ.

ನಾಲ್ಕನೆಯದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಮೂರು ಮೈಲಿ, ಹದಿನೆಂಟು ಬೇಲಿ, ಕೆಸರು. ಪೀಟ್ ಸ್ಮೋಕ್‌ನ ಗೊರಸು ಊಟದ ತಟ್ಟೆಯಷ್ಟು ಅಗಲ. ಅದು ಹಾರುವಾಗ ಎಡಕ್ಕೆ ವಾಲುತ್ತದೆ, ನಮ್ಮ ದಾರಿ ತಿರುಗುವುದೂ ಎಡಕ್ಕೇ. ಬೆನ್ನ ಮೇಲೆ ನೀನು. ಆ ಹೆಸರನ್ನು ಬರೆದೆ, ಕಾರಣಗಳನ್ನೂ ಬರೆದೆ. ಆಮೇಲೆ ಆ ಹಾಳೆಯನ್ನು ಪಕ್ಕಕ್ಕಿಟ್ಟು, ಬೇರೆ ಹಾಳೆಯಲ್ಲಿ ಬಿಷಪ್ಸ್ ನೆಫ್ಯೂ ಎಂಬ ಇನ್ನೊಂದು ಕುದುರೆಯ ಹೆಸರು ಬರೆದು ಪತ್ರಿಕೆಗೆ ಕಳಿಸಿದೆ.

ಮೂರು ವರ್ಷದ ಹಿಂದೆ ಇದೇ ಮೇಜಿನ ಮೇಲೆ ನೀನು ಪತ್ರಿಕೆ ಬಿಸಾಕಿ, "ನಾನು ಗೆಲ್ತೀನಿ ಅಂತ ಇಡೀ ಐರ್ಲೆಂಡಿಗೆ ಗೊತ್ತಿತ್ತು, ನಮ್ಮಮ್ಮನಿಗೊಬ್ಬಳಿಗೆ ಗೊತ್ತಿರ್ಲಿಲ್ಲ" ಎಂದು ಹೋದೆ. ಅಂದಿನಿಂದ ಕ್ರಿಸ್ಮಸ್ಸಿಗೆ ನಿನ್ನ ತಟ್ಟೆಯನ್ನು ನಾನು ಇಡುತ್ತೇನೆ, ನಿಮ್ಮಪ್ಪ ಎತ್ತಿಡುತ್ತಾರೆ.

ನೂಲಾ, ನನಗೆ ಗೊತ್ತಿತ್ತು. ಪ್ರತಿ ಸಲವೂ ಗೊತ್ತಿತ್ತು.

ನಿನ್ನ ಅಜ್ಜಿಯ ಪದ್ಧತಿ ನೆನಪಿದೆಯಲ್ಲ? ಕರುವನ್ನಾಗಲಿ ಕೂಸನ್ನಾಗಲಿ ಹೊಗಳಿದರೆ ಬೆನ್ನಿಗೇ ದೇವರು ಕಾಯಲಿ ಅನ್ನಬೇಕು, ಇಲ್ಲದಿದ್ದರೆ ಕಣ್ಣು ತಾಗುತ್ತದೆ. ಹಾಗನ್ನದೆ ಹೊರಟಿದ್ದ ಪಶುವೈದ್ಯನನ್ನು ಅವಳು ಗೇಟಿನಿಂದ ವಾಪಸು ಕರೆಸಿ ಹೇಳಿಸಿದ್ದಳು. ನಿನಗೆ ನಾಲ್ಕು ವರ್ಷವಿದ್ದಾಗ ನಾನು ನಿಮ್ಮಪ್ಪ ಏರಲಿದ್ದ ಕುದುರೆಯನ್ನು ಪತ್ರಿಕೆಯಲ್ಲಿ ಹೊಗಳಿದೆ. ಎಡವುವುದೆಂದರೇನೆಂದು ಇದಕ್ಕೆ ಗೊತ್ತೇ ಇಲ್ಲ ಎಂದು ಬರೆದು, ಕೊನೆಗೆ ದೇವರು ಅವರನ್ನು ಕಾಯಲಿ ಎಂದು ಸೇರಿಸಿದ್ದೆ. ಆಗಿನ ಸಂಪಾದಕ, "ಇದು ಪೇಪರ್ ಕಣಮ್ಮ, ಪ್ರಾರ್ಥನೆ ಪುಸ್ತಕ ಅಲ್ಲ" ಎಂದು ನಕ್ಕು ಆ ಮೂರು ಪದ ಹೊಡೆದುಹಾಕಿದ. ನಾನು ಸುಮ್ಮನಿದ್ದೆ. ಕುದುರೆ ಎರಡನೇ ಬೇಲಿಯಲ್ಲೇ ಬಿತ್ತು. ನಿಮ್ಮಪ್ಪನ ಸೊಂಟ ಮುರಿಯಿತು, ಅವರು ಮತ್ತೆ ಕುದುರೆ ಹತ್ತಲಿಲ್ಲ.

ಅವರು ಇದನ್ನು ಒಪ್ಪುವುದಿಲ್ಲ. "ನಿನ್ನ ಬರಹಕ್ಕೆ ಅಷ್ಟು ಶಕ್ತಿ ಇದ್ದಿದ್ರೆ ನಾವು ಇಷ್ಟೊತ್ತಿಗೆ ಅರಮನೇಲಿ ಇರ್ತಿದ್ವಿ ಕಣೆ" ಅನ್ನುತ್ತಾರೆ. ನಾನೂ ನಗುತ್ತೇನೆ. ಆದರೆ ನೀನು ರೇಸಿಗಿಳಿದ ದಿನದಿಂದ ಅಚ್ಚಿನಲ್ಲಿ ನಿನ್ನ ಹೆಸರು ಎತ್ತಲಿಲ್ಲ. ನಿನ್ನನ್ನು ಕಾಯಲು ನನ್ನಿಂದ ಆಗುವುದು ಅದೊಂದೇ ಎಂದುಕೊಂಡಿದ್ದೆ. ಇನ್ನೂ ನಾಚಿಕೆಗೇಡಿನ ಮಾತು ಹೇಳಲೇ? ಕಿಲ್ವಾರಾದಲ್ಲಿ ನೀನು ನಲವತ್ತು ಸಲ ಓಡಿದ್ದೀಯ, ನಿನ್ನೆಯವರೆಗೆ ಒಂದನ್ನೂ ನಾನು ನೋಡಿರಲಿಲ್ಲ. ನಿನ್ನ ರೇಸು ಬಂತೆಂದರೆ ಚಹಾದ ಡೇರೆಗೆ ಹೋಗಿ ಬೆನ್ನು ತಿರುಗಿಸಿ ಕಪ್ಪು ತೊಳೆಯುತ್ತಿದ್ದೆ. ತೊಳೆದದ್ದನ್ನೇ ತೊಳೆಯುತ್ತಿದ್ದೆ.

ನಿನ್ನೆಯೂ ಅಲ್ಲೇ ಇರಬೇಕಾಗಿತ್ತು. ಆದರೆ ಮೊದಲ ಮೂರೂ ರೇಸುಗಳಲ್ಲಿ ನನ್ನ ಕುದುರೆಗಳು ಮಕಾಡೆ ಮಲಗಿದವು. ಮೂರನೆಯದಂತೂ ನಾನು ಹೊಗಳಿದ ಒಳ ಅಂಚಿನಲ್ಲೇ ಹೂತುಕೊಂಡಿತು. ಬೆಳಗಿನ ಮಳೆ ನೆಲವನ್ನು ಎಷ್ಟು ಕೆಡಿಸಿದೆ ಎಂದು ತಿಳಿಯದೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೋಲು ಹಿಡಿದು ಹಳ್ಳದ ಬೇಲಿಯವರೆಗೆ ಓಡಿದೆ. ಕಂಬಿಯಾಚೆ ಕೋಲು ಚುಚ್ಚುತ್ತಿರುವಾಗ ನನ್ನ ಬಲಗಾಲು ಬೂಟಿನ ಸಮೇತ ಮೊಣಕಾಲಿನವರೆಗೂ ಹೂತುಹೋಯಿತು. ಬಾವುಟ ಹಿಡಿದು ಆ ಬೇಲಿ ಕಾಯುವ ಫಿಂಟನ್ ಹಲ್ಲು ಕಿರಿದ. "ಏನಮ್ಮ ಅಟ್ರಾಕ್ಟಾ, ನೆಲ ಗಟ್ಟಿಯೋ ಮೆತ್ತಗೋ? ಪೇಪರಿನವರಿಗೆ ಏನಂತ ಹೇಳ್ಲಿ?" ಬಾಯಿ ಮುಚ್ಚಿಕೊಂಡು ಎಳಿ ಎಂದೆ. ಅವನು ಎಳೆದ. ಬೂಟೂ ಬರಲಿಲ್ಲ, ಕಾಲೂ ಬರಲಿಲ್ಲ. ರೇಸು ಶುರುವಾಯಿತು.

ಹೀಗೆ ನಾನು ಮೊದಲ ಸಲ ನಿನ್ನನ್ನು ನೋಡಿದೆ.

ಮೊದಲ ಸುತ್ತಿನಲ್ಲಿ ಎಂಟೂ ಕುದುರೆಗಳು ಒಟ್ಟಿಗೆ ಬಂದವು. ನೋಡುವುದಕ್ಕೆ ಮೊದಲು ಹೂತ ಕಾಲಿನಲ್ಲಿ ಅವುಗಳ ಸದ್ದು ಬಡಿಯಿತು. ಬೇಲಿಯ ಮೇಲೆ ಹೊಟ್ಟೆಗಳು, ಗೊರಸುಗಳು, ನೀಲಿ ಅಂಗಿಯ ನೀನು. ಮೂವತ್ತು ವರ್ಷದಿಂದ ಹಾರುವುದು, ಹಾರಿತು ಎಂದು ಬರೆದವಳು ನಾನು. ಏನು ಬರೆಯುತ್ತಿದ್ದೆನೋ ಕಾಣೆ. ನನ್ನ ಹೊಟ್ಟೆಯಿಂದ ಬಂದ ಜೀವ ಅಷ್ಟು ಎತ್ತರದಲ್ಲಿ, ಅಷ್ಟು ನಿಶ್ಚಿಂತೆಯಿಂದ ಇರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

ಎರಡನೇ ಸುತ್ತಿನಲ್ಲಿ ನೀನು ಮುಂದಿದ್ದೆ. ನನ್ನಿಂದ ಹತ್ತು ಹೆಜ್ಜೆ ದೂರ. ಕುದುರೆ ನೆಲ ಬಿಡುವ ಹೊತ್ತಿಗೆ ಹಿಂಗಾಲು ಜಾರಿತು, ಎದೆ ಬೇಲಿಗೆ ಬಡಿಯಿತು. ಆಚೆ ಇಳಿದಾಗ ಅದರ ಮೂಗು ಕೆಸರನ್ನು ಉತ್ತಿತು. ನಾನು ಕಣ್ಣು ಮುಚ್ಚಬೇಕೆಂದುಕೊಂಡೆ, ರೆಪ್ಪೆ ಮಾತು ಕೇಳಲಿಲ್ಲ. ನೀನು ಲಗಾಮನ್ನು ಎಳೆಯಲಿಲ್ಲ, ಪೂರ್ತಿ ಬಿಟ್ಟುಕೊಟ್ಟೆ. ಬೆನ್ನು ಹಿಂದಕ್ಕೆ ವಾಲಿಸಿ, ಒಂದು ಕೈ ಗಾಳಿಯಲ್ಲೆತ್ತಿ ಕೂತೆ. ಆಗ ನೀನು ಅದಕ್ಕೆ ಹೇಳಿದ್ದು ನನಗೆ ಕೇಳಿಸಿತು. "ಏಳು ರಾಜ. ಅವಸರ ಇಲ್ಲ, ಏಳು."

ಆಸ್ಪತ್ರೆಯಿಂದ ಬಂದ ನಿಮ್ಮಪ್ಪ ಮೊದಲ ಸಲ ಊರುಗೋಲು ಹಿಡಿದು ಏಳುವಾಗ, ಕುರ್ಚಿಯ ಪಕ್ಕ ನಿಂತು ನಾಲ್ಕು ವರ್ಷದ ನೀನು ಏಳು ಎನ್ನುತ್ತಿದ್ದದ್ದೂ ಇದೇ ಧ್ವನಿಯಲ್ಲಿ.

ಕುದುರೆ ಎದ್ದಿತು. ಅಷ್ಟು ದೊಡ್ಡ ಪ್ರಾಣಿ ನಿನ್ನ ಮಾತು ಕೇಳಿ ಎದ್ದಿತು. ನಾನು ಗಂಟಲು ಹರಿಯುವಂತೆ ದೇವರು ಅವಳನ್ನು ಕಾಯಲಿ ಎಂದು ಕೂಗಿದೆ. ಫಿಂಟನ್ ಟೋಪಿ ತೆಗೆದು ನಿಂತಿದ್ದ. ಎಲ್ಲರೂ ನಿನ್ನನ್ನು ದಾಟಿ ಹೋಗಿದ್ದರು. ನೀನು ಒಬ್ಬೊಬ್ಬರನ್ನೇ ಹಿಡಿಯುತ್ತ ಹೋಗಿ, ಬಿಷಪ್ಸ್ ನೆಫ್ಯೂ ಎದುರು ಕುದುರೆಯ ಒಂದು ಕತ್ತಿನಷ್ಟು ಅಂತರದಲ್ಲಿ ಸೋತೆ.

ಅಂದರೆ ನಾನು ಗೆದ್ದೆ. ಒಂದೇ ಬೂಟಿನಲ್ಲಿ ಕುಂಟುತ್ತ ಬಂದವಳ ಕೈಗೆ ಜನ ವಿಸ್ಕಿ ಕೊಟ್ಟರು, ನಿನ್ನ ಕಣ್ಣೇ ಕಣ್ಣು ಎಂದರು. ನಾನದನ್ನು ಕುಡಿಯದೆ ಅಲ್ಲೇ ಇಟ್ಟೆ. ನಿನ್ನ ಬಗ್ಗೆ ಪತ್ರಿಕೆಯಲ್ಲಿ ಒಂದು ಅಕ್ಷರ ಬರೆದಿರಲಿಲ್ಲ, ಆದರೂ ನಿನ್ನ ಕುದುರೆ ಎಡವಿತು. ಹಾಗಾದರೆ ಇಷ್ಟು ವರ್ಷ ನನ್ನ ಮೌನ ಕಾದದ್ದು ಯಾರನ್ನು? ನಿನ್ನನ್ನು ಕಾದದ್ದು ನಿನ್ನ ಆ ಎರಡು ಕೈ. ಅದು ಗೊತ್ತಾದ ಕೂಡಲೇ ನಿನ್ನ ಹತ್ತಿರ ಓಡಿ ಬಂದೆ. ಬಂದು, ನೆಲ ಮೆತ್ತಗಿತ್ತು ಎಂದೆ.

ಕಾಗದದ ಜೊತೆ ಬಿಸ್ಕತ್ತಿನ ಡಬ್ಬಿಯೊಂದನ್ನು ಕಳಿಸುತ್ತಿದ್ದೇನೆ. ಅದರಲ್ಲಿ ನಲವತ್ತು ಹಾಳೆಗಳಿವೆ, ಪ್ರತಿ ಸಲವೂ ನಿನ್ನ ಕುದುರೆಯ ಹೆಸರು ಬರೆದು ನಾನು ಪಕ್ಕಕ್ಕಿಟ್ಟವು. ಅವನ್ನು ಅಚ್ಚಿಗೆ ಕೊಟ್ಟಿದ್ದರೆ ಈ ಸೀಮೆಯಲ್ಲಿ ನನ್ನಷ್ಟು ಸರಿಯಾಗಿ ಹೇಳುವವರು ಇರುತ್ತಿರಲಿಲ್ಲ. ನಿಧಾನವಾಗಿ ಓದು. ಬೈಯುವುದಿದ್ದರೆ ಮನೆಗೆ ಬಂದು ಬೈ.

ಇನ್ನು ಕಪ್ಪು ತೊಳೆಯದ ನಿನ್ನ ಅಮ್ಮ,
ಅಟ್ರಾಕ್ಟಾ

ಮರೆತಿದ್ದೆ: ಹೊಸ ವರ್ಷದ ರೇಸುಗಳ ಬರಹವನ್ನು ಇವತ್ತು ಬೆಳಿಗ್ಗೆ ಕೊಟ್ಟುಬಂದೆ. ಈಗಷ್ಟೇ ಸಂಪಾದಕ ಫೋನು ಮಾಡಿದ್ದ, ಹೊಸಬ, ಪಾಪ. ಎರಡನೇ ರೇಸಿಗೆ ನಿನ್ನ ಹೆಸರು ಬರೆದದ್ದು ಸರಿ, ಆದರೆ ವಾಕ್ಯದ ಕೊನೆಗಿರುವ ಮೂರು ಪದ ಬೇಕೇ ಎಂದು ಕೇಳಿದ. ಅವು ಇಲ್ಲದಿದ್ದರೆ ನಾನೂ ಇಲ್ಲ ಎಂದೆ. ಬುಧವಾರದ ಪತ್ರಿಕೆ ನೋಡು, ಅಚ್ಚಾಗಿರುತ್ತದೆ.