ಆ ತಿಂಗಳ ವಿದ್ಯುತ್ ಉತ್ಪಾದನೆ

ಅಕ್ಕನಿಗೆ,

ನಿನ್ನ ವಕೀಲರು ಕೇಳಿದ ಲೆಕ್ಕ ತೆಗೆದು ನೋಡಿದೆ. ಭಾವ ತೀರಿಕೊಂಡ ತಿಂಗಳು ದೇಶದ ವಿದ್ಯುತ್ ಉತ್ಪಾದನೆ ಕುಸಿದಿರಲಿಲ್ಲ, ವರ್ಷದಲ್ಲೇ ಅತಿ ಹೆಚ್ಚಾಗಿತ್ತು. ನಿಮ್ಮ ಬೀದಿಯಲ್ಲಿ ಕರೆಂಟು ಹೋಗಿ ಅವರ ಆಕ್ಸಿಜನ್ ಯಂತ್ರ ನಿಂತ ಮಧ್ಯಾಹ್ನ, ಕಚೇರಿಯಲ್ಲಿ ನಾನು ತಿಂಗಳು ತಿಂಗಳು ಬರೆಯುವ ಉತ್ಪಾದನೆಯ ಗ್ರಾಫಿನಲ್ಲಿ ಎಲ್ಲೂ ಇಲ್ಲ.

"ನಿನ್ನ ಗೆರೆ ಏರ್ತಾನೇ ಇರುತ್ತೆ ಕಣಯ್ಯ, ನಮ್ಮನೆ ಫ್ಯಾನು ಮಾತ್ರ ತಿರುಗಲ್ಲ" ಎಂದು ಭಾವ ಛೇಡಿಸುತ್ತಿದ್ದರು. ನಾನೂ ನಗುತ್ತಿದ್ದೆ.

ಯಂತ್ರವನ್ನು ಭಾನುವಾರ ಬಂದು ಒಯ್ಯುತ್ತೇನೆ. ಅಲ್ಲಿಯವರೆಗೆ ಅದರ ಮೇಲೊಂದು ಬಟ್ಟೆ ಹೊದಿಸಿಡು.

ವಿದ್ಯುತ್ ಕಂಪನಿಯ ಮೇಲಿನ ಕೇಸಿನಲ್ಲಿ ನನ್ನನ್ನು ಸಾಕ್ಷಿ ಮಾಡಬೇಡಿ ಎಂದು ವಕೀಲರಿಗೆ ಹೇಳು. ಆ ತಿಂಗಳು ಕರೆಂಟಿಗೆ ಕೊರತೆಯಿತ್ತೇ ಎಂದು ಯಾರಾದರೂ ಕೇಳಿದರೆ, ಇಲ್ಲವೆಂದೇ ಹೇಳಬೇಕಾಗುತ್ತದೆ. ಅದು ಸುಳ್ಳೂ ಅಲ್ಲ.

ನಿನ್ನ ತಮ್ಮ